ಮನೆಯ ಹೈ-ಫೈಗೆ ಅಗ್ಗದ ಸ್ಟ್ರೀಮರು ಸಾಲದೆ?

ಸಂಗೀತವನ್ನು ಮನೆಗೆ ಬರಮಾಡಿಕೊಳ್ಳುವ ಸಾಧನಗಳು ಸುಮಾರು ಒಂದೂವರೆ ಶತಮಾನದಿಂದ ರೂಪಾಂತರ ಹೊಂದುತ್ತಲೇ ಬಂದಿವೆ. 1877ರಲ್ಲಿ ಎಡಿಸನ್ನನು ಫೋನೋಗ್ರಾಫನ್ನು ನಿರ್ಮಿಸಿದನು. ಅದರ ಹಿಂದೆಯೇ ಗ್ರಾಮಫೋನು, ರೇಡಿಯೋ, ಟೇಪ್‌ರೆಕಾರ್ಡರುಗಳು ಬಂದುವು. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕು ಪೇಟೆಗೆ ಕಾಲಿಟ್ಟಿತು. ಈಗ ಇವೆಲ್ಲವುಗಳ ಸ್ಥಾನವನ್ನು ಇಂಟರ್‌ನೆಟ್ಟಿನ ಮೂಲಕ ಹರಿದುಬರುವ ಸಂಗೀತವು ಬಹುಮಟ್ಟಿಗೆ ಆಕ್ರಮಿಸಿದೆ. ಹಾಡುಗಳನ್ನು ಕೊಂಡು ಕೂಡಿಡದೆ, ಕೇಳುವ ಹೊತ್ತಿಗೆ ದೂರದ ಗಣಕಯಂತ್ರದಿಂದ ಹರಿಸಿಕೊಳ್ಳುವುದಕ್ಕೆ ಸ್ಟ್ರೀಮಿಂಗ್ ಎಂದು ಹೆಸರು. ಹೀಗೆ ಹರಿದುಬಂದುದನ್ನು ಮನೆಯ ಹೈ-ಫೈ ವ್ಯವಸ್ಥೆಗೆ, ಎಂದರೆ ಆಂಪ್ಲಿಫೈಯರು ಮತ್ತು ಸ್ಪೀಕರುಗಳಿಗೆ, ಒಪ್ಪಿಸುವ ಉಪಕರಣವೇ ಸ್ಟ್ರೀಮರು.

ಇದನ್ನು ಕೊಳ್ಳಲು ಹೊರಟವರಿಗೆ ಮೊದಲ ಹೆಜ್ಜೆಯಲ್ಲಿಯೇ ದಿಗ್ಭ್ರಮೆಯಾಗುವುದು. ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುವ ಸ್ಟ್ರೀಮರುಗಳಿವೆ. ಲಕ್ಷಗಟ್ಟಲೆ ಬೆಲೆ ಬಾಳುವ ಸ್ಟ್ರೀಮರುಗಳೂ ಇವೆ. ಎರಡೂ ಅದೇ ಹಾಡನ್ನು ಅದೇ ಸ್ಥಳದಿಂದ ತರುವುವು. ಬೆಲೆ ಏರಿದಷ್ಟೂ ನಾದವು ಶುದ್ಧವಾಗುವುದೆಂದು ಜಾಹೀರಾತುಗಳು ಸಾರುತ್ತಿವೆ. ಅಗ್ಗದ್ದನ್ನು ಕೊಂಡವರಿಗೆ ತಾವು ಏನನ್ನೋ ಕಳೆದುಕೊಂಡೆವೆಂಬ ಕೊರಗು. ದುಬಾರಿಯದನ್ನು ಕೊಂಡವರಿಗೆ ಅದರ ಶ್ರೇಷ್ಠತೆಯನ್ನು ಕೇಳಲೇಬೇಕಾದ ಒತ್ತಾಯ. ಹೀಗೆ ಖರ್ಚಾಗುವುದು ಅನೇಕ ವೇಳೆ ತಂದೆತಾಯಿಗಳು ದುಡಿದ ಹಣ. ಇಲ್ಲವೆ ವಿದ್ಯಾರ್ಥಿವೇತನದಲ್ಲಿ ತಿಂಗಳುಗಟ್ಟಲೆ ಉಳಿಸಿದ ಹಣ. ಆದುದರಿಂದ ಈ ಪ್ರಶ್ನೆಯನ್ನು ಅಂಗಡಿಯವರ ಮಾತಿಗೆ ಬಿಟ್ಟುಕೊಡುವುದು ಸರಿಯಲ್ಲ. ಕಾಲೇಜಿನ ಭೌತಶಾಸ್ತ್ರ ಮತ್ತು ಗಣಿತಗಳೇ ಇದಕ್ಕೆ ಬಹುಪಾಲು ಉತ್ತರವನ್ನು ಕೊಡಬಲ್ಲವು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಸ್ಟ್ರೀಮರು ಅಗ್ಗವಾಗಿರಬೇಕು, ಮತ್ತು ಆಂಪ್ಲಿಫೈಯರಿನಿಂದ ಬೇರೆಯಾಗಿರಬೇಕು. ದೀಪವನ್ನೂ ಬತ್ತಿಯನ್ನೂ ನೆನೆದುಕೊಳ್ಳಿರಿ. ಹಿತ್ತಾಳೆಯ ದೀಪವು ತಲೆಮಾರುಗಳವರೆಗೆ ಬಾಳುವುದು; ಬತ್ತಿಯನ್ನು ಆಗಾಗ್ಗೆ ಬದಲಿಸುತ್ತಿರಬೇಕು. ಬತ್ತಿಗೆಂದು ದೀಪದ ಬೆಲೆಯನ್ನು ಯಾರೂ ತೆರುವುದಿಲ್ಲ. ಹೈ-ಫೈ ವ್ಯವಸ್ಥೆಯಲ್ಲಿ ಸ್ಪೀಕರು ಮತ್ತು ಆಂಪ್ಲಿಫೈಯರುಗಳು ದೀಪ, ಸ್ಟ್ರೀಮರು ಬತ್ತಿ. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಅಂಕೆಗಳಾದ ನಾದ

ನಾದವೆಂಬುದು ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಮೈಕ್ರೋಫೋನು ಈ ಏರಿಳಿತವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವುದು. ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಅಂಕೆಯಾಗಿ ಬರೆದಿಟ್ಟರೆ ಅಂಕರೂಪದ ಧ್ವನಿಮುದ್ರಣವು ಸಿದ್ಧವಾಯಿತು. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಹೀಗೆ ಸೆಕೆಂಡಿಗೆ 44,100 ಅಳತೆಗಳಿರುವುವು. ಪ್ರತಿಯೊಂದು ಅಳತೆಗೂ 16 ಬಿಟ್ಟುಗಳು. ಎಂದರೆ 65,536 ಮಟ್ಟಗಳಲ್ಲಿ ಯಾವುದಾದರೊಂದು. ಎಡ ಬಲ ಎರಡು ವಾಹಿನಿಗಳು ಸೇರಿ ಸೆಕೆಂಡಿಗೆ 44,100 × 16 × 2, ಎಂದರೆ 14,11,200 ಬಿಟ್ಟುಗಳಾಗುವುವು.

ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಇದ್ದ ನಾದವು ಕಳೆದುಹೋಗಲಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಈ ಸಂದೇಹವು ಸಹಜವಾದುದು. ಆದರೆ ಗಣಿತವು ಅದಕ್ಕೆ ಸಮಾಧಾನ ಹೇಳಿದೆ. 1928ರಲ್ಲಿ ಹ್ಯಾರಿ ನೈಕ್ವಿಸ್ಟನು ಹಾಕಿದ ತಳಹದಿಯ ಮೇಲೆ 1949ರಲ್ಲಿ ಕ್ಲಾಡ್ ಷ್ಯಾನನ್ನನು ಒಂದು ಪ್ರಮೇಯವನ್ನು ಸ್ಪಷ್ಟವಾಗಿ ನಿರೂಪಿಸಿದನು. ಒಂದು ಅಲೆಯಲ್ಲಿರುವ ಅತ್ಯುನ್ನತ ಆವರ್ತಾಂಕದ ಎರಡರಷ್ಟಕ್ಕಿಂತ ಹೆಚ್ಚಿನ ವೇಗದಲ್ಲಿ ಅಳತೆಗಳನ್ನು ತೆಗೆದುಕೊಂಡರೆ, ಆ ಅಳತೆಗಳಿಂದ ಮೂಲದ ಅಲೆಯನ್ನು ಸಂಪೂರ್ಣವಾಗಿ ಮರಳಿ ಪಡೆಯಬಹುದೆಂಬುದೇ ಅದರ ತಾತ್ಪರ್ಯ. 44,100ರ ಅರ್ಧ 22,050. ಮನುಷ್ಯನ ಕಿವಿಗೆ ಕೇಳಿಸುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ವಯಸ್ಸಾದಂತೆ ಈ ಮೇಲಿನ ಮಿತಿಯು ಇಳಿಯುತ್ತ ಹೋಗುವುದು. ಜಾಹೀರಾತಿನ ಚಿತ್ರಗಳಲ್ಲಿ ಅಂಕರೂಪದ ನಾದವನ್ನು ಮೆಟ್ಟಿಲುಗಳಂತೆ ಬರೆದಿರುವುದುಂಟು. ಪರಿವರ್ತಕದಿಂದ ಹೊರಬರುವ ಅಲೆಯಲ್ಲಿ ಅಂತಹ ಮೆಟ್ಟಿಲುಗಳು ಉಳಿದಿರುವುದಿಲ್ಲ. ಶೋಧಕವು ಅವುಗಳನ್ನು ನಯವಾದ ವಕ್ರರೇಖೆಯಾಗಿ ಮಾಡಿರುವುದು.

ಇನ್ನು 16 ಬಿಟ್ಟುಗಳ ಮಾತು. ಪ್ರತಿಯೊಂದು ಬಿಟ್ಟೂ ಸುಮಾರು 6 ಡೆಸಿಬೆಲ್‌ಗಳಷ್ಟು ಹರವನ್ನು ಕೊಡುವುದರಿಂದ 16 ಬಿಟ್ಟುಗಳಿಗೆ ಸುಮಾರು 96 ಡೆಸಿಬೆಲ್ ದೊರೆಯುವುದು. ನಿಶ್ಶಬ್ದವೆನಿಸುವ ಕೊಠಡಿಯಲ್ಲಿಯೂ ಸುಮಾರು 30 ಡೆಸಿಬೆಲ್‌ಗಳಷ್ಟು ಸದ್ದು ಇದ್ದೇ ಇರುವುದು. ಫ್ಯಾನು ತಿರುಗುತ್ತಿದ್ದರೆ ಇನ್ನೂ ಹೆಚ್ಚು. ಅದರ ಮೇಲೆ 96 ಡೆಸಿಬೆಲ್ ಏರಿದರೆ ಕಿವಿ ನೋಯುವಷ್ಟು ಅಬ್ಬರವಾಗುವುದು. ಮನೆಯಲ್ಲಿ ಕೇಳುವುದಕ್ಕೆ ಇದು ಧಾರಾಳವಾಗಿ ಸಾಕು.

ದಾರಿಯಲ್ಲಿ ನಾದವು ಕೆಡುವುದೆ?

ಅಂಕೆಗಳು ದೂರದ ಗಣಕಯಂತ್ರದಿಂದ ನಮ್ಮ ಮನೆಗೆ ಬರುವ ಬಗೆಯನ್ನು ಅರಿತರೆ ಅನೇಕ ಭ್ರಮೆಗಳು ಕಳಚಿಬೀಳುವುವು. ಅವು ಒಂದೇ ಧಾರೆಯಾಗಿ ಬರುವುದಿಲ್ಲ. ಸಣ್ಣ ಸಣ್ಣ ಕಟ್ಟುಗಳಾಗಿ ಬರುವುವು. ಪ್ರತಿಯೊಂದು ಕಟ್ಟಿಗೂ ಕ್ರಮಸಂಖ್ಯೆಯುಂಟು. ಒಳಗಿರುವುದನ್ನು ತಾಳೆ ನೋಡಲು ಒಂದು ಪರೀಕ್ಷಾಂಕವೂ ಉಂಟು. ರಿಜಿಸ್ಟರು ಟಪಾಲಿನಂತೆ ಪ್ರತಿಯೊಂದು ಕಟ್ಟೂ ತಲಪಿತೆ ಎಂಬುದಕ್ಕೆ ರಸೀತಿ ಹೋಗುವುದು. ಕಳೆದುಹೋದ ಅಥವಾ ಕೆಟ್ಟುಹೋದ ಕಟ್ಟನ್ನು ಮತ್ತೊಮ್ಮೆ ಕಳುಹಿಸಲಾಗುವುದು. ಹೀಗೆ ಬಂದ ಅಂಕೆಗಳು ಸ್ಟ್ರೀಮರಿನ ಸ್ಮೃತಿಯಲ್ಲಿ ಕೆಲವು ಸೆಕೆಂಡುಗಳಷ್ಟು ಕಾಲ ಶೇಖರವಾಗಿದ್ದು, ಅಲ್ಲಿಂದ ಸಮಗತಿಯಲ್ಲಿ ಹೊರಡುವುವು. ಮನೆಯ ಮೇಲಿನ ನೀರಿನ ತೊಟ್ಟಿಯು ಮಾಡುವ ಕೆಲಸವೇ ಇದು. ನಗರಸಭೆಯ ನೀರು ಬಿಟ್ಟು ಬಿಟ್ಟು ಬಂದರೂ ತೊಟ್ಟಿಯಲ್ಲಿ ನೀರಿರುವವರೆಗೆ ನಲ್ಲಿಯಲ್ಲಿ ಒಂದೇ ಸಮನೆ ಸುರಿಯುವುದು.

ಇದರಿಂದ ಹೊರಡುವ ತೀರ್ಮಾನವು ಮುಖ್ಯವಾದುದು. ಸಂಪರ್ಕವು ತೀರ ಕೆಟ್ಟರೆ ಹಾಡು ನಿಲ್ಲುವುದು. ಇಲ್ಲವಾದರೆ ಅಂಕೆಗಳು ಕಳುಹಿಸಿದಂತೆಯೇ ಬಂದು ಸೇರುವುವು. "ಸ್ವಲ್ಪ ಮಂಕಾದ" ಅಂಕೆಗಳೆಂಬುವು ಇಲ್ಲ. ಆದುದರಿಂದ ಇಂಟರ್‌ನೆಟ್ಟಿನ ತಂತಿಯನ್ನು ಬದಲಿಸಿದೊಡನೆ ಪಿಟೀಲಿನ ನಾದವು ಮಧುರವಾಯಿತೆಂದು ಯಾರಾದರೂ ಹೇಳಿದರೆ, ಅವರು ಹೇಳುತ್ತಿರುವುದು ತಂತಿಯ ಗುಣವನ್ನಲ್ಲ, ತಮ್ಮ ನಿರೀಕ್ಷೆಯನ್ನು ಎಂದು ನಾವು ತಿಳಿಯಬೇಕು.

ದುಬಾರಿ ಉಪಕರಣಗಳ ಪರವಾಗಿ ಇನ್ನೊಂದು ವಾದವಿದೆ. ಅಂಕೆಗಳು ಸರಿಯಾಗಿದ್ದರೆ ಸಾಲದು, ಅವುಗಳನ್ನು ಸರಿಯಾದ ಕ್ಷಣದಲ್ಲಿ ವಿದ್ಯುತ್ತಾಗಿ ಪರಿವರ್ತಿಸಬೇಕು. ಕಾಲದ ಲೆಕ್ಕದಲ್ಲಿ ಅದುರು ಉಂಟಾದರೆ ನಾದವು ಕೆಡುವುದು ಎಂಬುದು ಆ ವಾದ. ತತ್ತ್ವತಃ ಇದು ನಿಜ. ಆದರೆ ಎಷ್ಟು ಅದುರಿದರೆ ಕಿವಿಗೆ ತಿಳಿಯುವುದು? 2005ರಲ್ಲಿ ಜಪಾನಿನ ಅಷಿಹಾರ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗಗಳಲ್ಲಿ, ನುರಿತ ಶ್ರೋತೃಗಳೂ ಸಂಗೀತದಲ್ಲಿ ಇದನ್ನು ಗುರುತಿಸಬೇಕಾದರೆ ಅದುರು ನೂರಾರು ನ್ಯಾನೋಸೆಕೆಂಡುಗಳಷ್ಟು ಇರಬೇಕಾಯಿತು. ಇಂದಿನ ಸಾಧಾರಣ ಬೆಲೆಯ ಉಪಕರಣಗಳಲ್ಲಿರುವ ಸ್ಫಟಿಕ ಗಡಿಯಾರಗಳ ಅದುರು ಇದಕ್ಕಿಂತ ಬಹಳ ಕಡಮೆ.

ಕಿವಿಯ ಸಾಕ್ಷ್ಯ

ಲೆಕ್ಕವು ಏನೇ ಹೇಳಲಿ, ಕಿವಿಗೆ ವ್ಯತ್ಯಾಸ ಕೇಳಿಸುವುದಲ್ಲ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನದ ಮಾರ್ಗ. 2007ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬ್ರಾಡ್ ಮೆಯರ್ ಮತ್ತು ಡೇವಿಡ್ ಮೊರಾನ್ ಎಂಬವರು ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಸಿ.ಡಿ.ಗಿಂತ ಹೆಚ್ಚು ಸೂಕ್ಷ್ಮವಾದ ಧ್ವನಿಮುದ್ರಣಗಳನ್ನು ಅವರು ಎರಡು ಬಗೆಯಲ್ಲಿ ಕೇಳಿಸಿದರು: ಒಮ್ಮೆ ನೇರವಾಗಿ, ಮತ್ತೊಮ್ಮೆ ಸಿ.ಡಿ. ರೆಕಾರ್ಡರೊಂದರ ಮೂಲಕ 16 ಬಿಟ್ಟು, 44,100 ಅಳತೆಗಳ ಮಟ್ಟಕ್ಕೆ ಇಳಿಸಿ. ಯಾವುದು ಯಾವುದೆಂದು ಕೇಳುವವರಿಗೆ ತಿಳಿಯದಂತೆ ಏರ್ಪಾಡಾಗಿತ್ತು. 554 ಬಾರಿ ನಡೆದ ಪರೀಕ್ಷೆಯಲ್ಲಿ 276 ಉತ್ತರಗಳು ಸರಿಯಾದುವು. ಎಂದರೆ ಶೇಕಡ 49.8. ನಾಣ್ಯವನ್ನು ಚಿಮ್ಮಿ ಉತ್ತರ ಹೇಳಿದ್ದರೂ ಇಷ್ಟೇ ಬರುತ್ತಿತ್ತು.

ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡಬಾರದು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದ ಜೋಷುವಾ ರೀಸ್ ಎಂಬವರು ಇಂತಹ 18 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಸರಿಯುತ್ತರಗಳ ಪ್ರಮಾಣವು ಒಟ್ಟಿನಲ್ಲಿ ಶೇಕಡ 52.3ರಷ್ಟಿದ್ದಿತು, ತರಬೇತಿ ಪಡೆದವರಲ್ಲಿ ಇನ್ನೂ ಹೆಚ್ಚಾಗಿದ್ದಿತು. ಹೀಗಾಗಿ ವ್ಯತ್ಯಾಸವು ಸಂಪೂರ್ಣವಾಗಿ ಶೂನ್ಯವೆಂದು ಹೇಳಲಾಗದು. ಆದರೆ ನೂರಕ್ಕೆ ಐವತ್ತು ಕೇವಲ ಅದೃಷ್ಟದಿಂದ ಬರುವಾಗ, ಅದಕ್ಕಿಂತ ಎರಡು ಮೂರು ಹೆಚ್ಚು ಬರುವಷ್ಟು ಸೂಕ್ಷ್ಮವಾದ ವ್ಯತ್ಯಾಸಕ್ಕಾಗಿ ವಿದ್ಯಾರ್ಥಿಯೊಬ್ಬನು ಅಥವಾ ವಿದ್ಯಾರ್ಥಿನಿಯೊಬ್ಬಳು ವರ್ಷದ ಉಳಿತಾಯವನ್ನು ಸುರಿಯುವುದು ವಿವೇಕವೆ?

ಈ ಪರೀಕ್ಷೆಯನ್ನು ನಮ್ಮ ವಾಚಕರು ತಾವೇ ನಡೆಸಬಹುದು. ಸ್ನೇಹಿತನೊಬ್ಬನು ಮರೆಯಲ್ಲಿ ನಾಣ್ಯವನ್ನು ಚಿಮ್ಮಿ ಎರಡು ಉಪಕರಣಗಳಲ್ಲಿ ಒಂದನ್ನು ನುಡಿಸಲಿ. ಕೇಳುವವನು ಯಾವುದೆಂದು ಬರೆದಿಡಲಿ. ಹತ್ತು ಬಾರಿ ಹೀಗೆ ಮಾಡಿದರೆ ಕೇವಲ ಊಹೆಯಿಂದ ಒಂಬತ್ತು ಅಥವಾ ಹತ್ತು ಉತ್ತರಗಳು ಸರಿಯಾಗುವ ಸಂಭವವು 1,024ರಲ್ಲಿ 11. ಸುಮಾರು ಶೇಕಡ ಒಂದು. ಅಷ್ಟು ಬಂದರೆ ವ್ಯತ್ಯಾಸವು ನಿಜವಾಗಿಯೂ ಕೇಳಿಸಿತೆಂದು ಒಪ್ಪಬಹುದು. ಒಂದು ಎಚ್ಚರಿಕೆ ಮಾತ್ರ ಅವಶ್ಯಕ. ಎರಡು ಉಪಕರಣಗಳ ಸದ್ದಿನ ಮಟ್ಟವನ್ನು ಮೊದಲು ಸರಿಸಮನಾಗಿ ಮಾಡಿರಬೇಕು. ಒಂದಿಷ್ಟೇ ಹೆಚ್ಚು ಸದ್ದು ಮಾಡುವ ಉಪಕರಣವು ಕೇಳುವವರಿಗೆ ಹೆಚ್ಚು ಸದ್ದಾಗಿ ತೋರುವುದಿಲ್ಲ, ಹೆಚ್ಚು ಚೆನ್ನಾಗಿ ತೋರುವುದು. ಅಂಗಡಿಗಳಲ್ಲಿ ನಡೆಯುವ ಹೋಲಿಕೆಗಳು ಬಹುವಾಗಿ ಹಾದಿ ತಪ್ಪುವುದು ಇಲ್ಲಿಯೇ.

ಹಣವು ಎಲ್ಲಿ ಸಾರ್ಥಕ?

ಸ್ಟ್ರೀಮರಿನಲ್ಲಿ ಉಳಿಸಿದ ಹಣವನ್ನು ಏನು ಮಾಡಬೇಕು? ಸ್ಪೀಕರುಗಳಿಗೆ ಹಾಕಬೇಕೆಂದು ನಮ್ಮ ಸಲಹೆ. ಅಂಕೆಗಳನ್ನು ವಿದ್ಯುತ್ತಾಗಿಸುವ, ಡ್ಯಾಕ್ ಎಂದು ಕರೆಯಲ್ಪಡುವ ಪರಿವರ್ತಕವು ಇಂದು ಉಗುರಿನಗಲದ ಒಂದು ಚಿಪ್ಪಿನಲ್ಲಿ ಅಡಗಿರುವುದು. ಅಗ್ಗದ ಆದರೆ ಚೆನ್ನಾಗಿ ರಚಿಸಿದ ಉಪಕರಣದಲ್ಲಿಯೂ ಅದು ನಾದಕ್ಕೆ ಸೇರಿಸುವ ವಿಕಾರವು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಮೆ. ಸ್ಪೀಕರಿನಲ್ಲಾದರೋ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕುವೊಂದು ನಿಜವಾಗಿಯೂ ಹಿಂದುಮುಂದಾಗಿ ಅಲುಗಾಡಿ ಗಾಳಿಯನ್ನು ತಳ್ಳಬೇಕು. ಕೆಳಗಿನ ಸ್ವರಗಳಲ್ಲಿ ಅದರ ವಿಕಾರವು ನೂರರಲ್ಲಿ ಒಂದು ಪಾಲಿಗೂ ಮಿಕ್ಕಿರುವುದು ಸಾಮಾನ್ಯ. ನೂರು ಪಟ್ಟು ದೊಡ್ಡ ದೋಷವನ್ನು ಬಿಟ್ಟು ನೂರು ಪಟ್ಟು ಸಣ್ಣ ದೋಷವನ್ನು ತಿದ್ದಲು ಹಣ ಸುರಿಯುವುದು, ಸೋರುವ ಮಾಡನ್ನು ಬಿಟ್ಟು ಗೋಡೆಗೆ ಬಣ್ಣ ಬಳಿದಂತೆ.

ಸ್ಪೀಕರಿಗಿಂತಲೂ ದೊಡ್ಡ ದೋಷವು ಕೊಠಡಿಯಲ್ಲಿಯೇ ಇರುವುದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗಾಳಿಯಲ್ಲಿ ನಾದದ ವೇಗವು ಸೆಕೆಂಡಿಗೆ ಸುಮಾರು 343 ಮೀಟರು. 50 ಹರ್ಟ್ಸ್‌ನ ಅಲೆಯ ಉದ್ದವು 343ನ್ನು 50ರಿಂದ ಭಾಗಿಸಿದರೆ ಬರುವ 6.86 ಮೀಟರು. ಕೊಠಡಿಯ ಎದುರುಬದುರು ಗೋಡೆಗಳ ಅಂತರವು ಇದರ ಅರ್ಧವಾದ 3.43 ಮೀಟರು, ಎಂದರೆ ಸುಮಾರು ಹನ್ನೊಂದೂಕಾಲು ಅಡಿ ಇದ್ದರೆ, ಆ ಅಲೆಯು ಗೋಡೆಗಳ ನಡುವೆ ಸ್ಥಾಯಿ ತರಂಗವಾಗಿ ನಿಲ್ಲುವುದು. ಗೋಡೆಯ ಬಳಿ ಕುಳಿತವರಿಗೆ ಆ ತಗ್ಗು ಸ್ವರವು ಗುಡುಗಿದಂತೆ ಕೇಳುವುದು. ಕೊಠಡಿಯ ನಡುವೆ ಕುಳಿತವರಿಗೆ ಬಹುತೇಕ ಮಾಯವಾಗುವುದು. ಯಾವ ಬೆಲೆಯ ಸ್ಟ್ರೀಮರೂ ಇದನ್ನು ತಾನಾಗಿ ಸರಿಪಡಿಸಲಾರದು. ಸ್ಪೀಕರನ್ನು ಮೂಲೆಯಿಂದ ಈಚೆಗೆ ಸರಿಸುವುದು, ಕುಳಿತುಕೊಳ್ಳುವ ಜಾಗವನ್ನು ಒಂದೆರಡು ಅಡಿ ಬದಲಿಸುವುದು, ಬರಿಯ ನೆಲದ ಮೇಲೆ ಜಮಖಾನವನ್ನು ಹಾಸಿ ಮೇಲಿನ ಸ್ವರಗಳ ಪ್ರತಿಧ್ವನಿಯನ್ನು ತಗ್ಗಿಸುವುದು, ಇವುಗಳಿಗೆ ಖರ್ಚು ಇಲ್ಲವೆನ್ನುವಷ್ಟು ಕಡಮೆ. ಫಲವು ಮಾತ್ರ ಯಾರ ಕಿವಿಗಾದರೂ ಕೇಳಿಸುವುದು.

ಬೇಗ ಹಳತಾಗುವ ಭಾಗ

ಅಗ್ಗದ ವಸ್ತುವು ಬಾಳುವುದಿಲ್ಲ, ಒಮ್ಮೆ ಹೆಚ್ಚು ಹಣ ಕೊಟ್ಟು ಒಳ್ಳೆಯದನ್ನು ಕೊಂಡರೆ ನಿಶ್ಚಿಂತೆ ಎಂಬುದು ಹಿರಿಯರ ಮಾತು. ಪಾತ್ರೆ, ಪೀಠೋಪಕರಣಗಳ ವಿಷಯದಲ್ಲಿ ಅದು ನಿಜ. ಸ್ಪೀಕರಿನ ವಿಷಯದಲ್ಲಿಯೂ ನಿಜ. ಸ್ಟ್ರೀಮರಿನ ಆಯುಸ್ಸು ಮಾತ್ರ ಅದರ ಲೋಹದ ಪೆಟ್ಟಿಗೆಯ ಗಟ್ಟಿತನವನ್ನು ಅವಲಂಬಿಸಿಲ್ಲ. ಅದರೊಳಗಿನ ತಂತ್ರಾಂಶವನ್ನು ತಯಾರಕರು ಎಷ್ಟು ವರ್ಷ ನೋಡಿಕೊಳ್ಳುವರು, ದೂರದಲ್ಲಿರುವ ಅವರ ಗಣಕಯಂತ್ರವು ಎಷ್ಟು ವರ್ಷ ಓಡುವುದು ಎಂಬುದನ್ನು ಅವಲಂಬಿಸಿದೆ. ಇದಕ್ಕೆ ಮೂರು ನಿದರ್ಶನಗಳನ್ನು ಕೊಡುವೆವು.

ಗೂಗಲ್ ಸಂಸ್ಥೆಯು 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಸಣ್ಣ ಬಿಲ್ಲೆಯಂತಹ ಸ್ಟ್ರೀಮರನ್ನು 35 ಡಾಲರುಗಳಿಗೆ ಹೊರತಂದಿತು. ಬೆಲೆಗೆ ಹೋಲಿಸಿದರೆ ಅದರ ಗುಣವು ಆಶ್ಚರ್ಯಕರವಾಗಿದ್ದಿತು. 2019ರ ಜನವರಿಯಲ್ಲಿ ಅದರ ತಯಾರಿಕೆಯು ನಿಂತಿತೆಂದು ತಿಳಿದುಬಂದಿತು. ಮನೆಗಳಲ್ಲಿದ್ದುವು ಕೆಲಸ ಮಾಡುತ್ತಲೇ ಇದ್ದುವು. 2025ರ ಮಾರ್ಚಿನಲ್ಲಿ ಒಂದು ದಿನ ಅವು ಪ್ರಪಂಚದಾದ್ಯಂತ ಒಟ್ಟಿಗೆ ಮೂಕವಾದುವು. ಯಾವ ಭಾಗವೂ ಸುಟ್ಟಿರಲಿಲ್ಲ, ಸವೆದಿರಲಿಲ್ಲ. ಉಪಕರಣದ ಗುರುತನ್ನು ದೃಢಪಡಿಸುವ ಅಂಕರೂಪದ ಪ್ರಮಾಣಪತ್ರದ ಅವಧಿಯು ಮುಗಿದಿತ್ತು, ಅಷ್ಟೇ. ಕೆಲವು ದಿನಗಳಲ್ಲಿ ಗೂಗಲ್ ತಂತ್ರಾಂಶವನ್ನು ತಿದ್ದಿ ಕಳುಹಿಸಿತು. ತಿದ್ದುವ ಮನಸ್ಸು ಅದಕ್ಕೆ ಇಲ್ಲದಿದ್ದರೆ ಅವೆಲ್ಲವೂ ಅಂದೇ ಕಸವಾಗುತ್ತಿದ್ದುವು.

ಎರಡನೆಯದು ಸೋನೋಸ್ ಸಂಸ್ಥೆಯ ಪ್ರಸಂಗ. 2020ರ ಜನವರಿಯಲ್ಲಿ ಅದು ತನ್ನ ಕೆಲವು ಹಳೆಯ ಉಪಕರಣಗಳಿಗೆ ಆ ವರ್ಷದ ಮೇ ತಿಂಗಳಿನಿಂದ ಹೊಸ ತಂತ್ರಾಂಶವನ್ನು ಒದಗಿಸುವುದಿಲ್ಲವೆಂದು ಪ್ರಕಟಿಸಿತು. ಅವುಗಳಲ್ಲಿ ಸ್ಟ್ರೀಮರು ಮತ್ತು ಆಂಪ್ಲಿಫೈಯರುಗಳೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ ಉಪಕರಣವೂ ಇದ್ದಿತು. ಕೊಂಡವರ ಆಕ್ಷೇಪಣೆಯು ಬಲವಾದ ಮೇಲೆ, ಹಳೆಯವುಗಳನ್ನು ಹಳೆಯ ತಂತ್ರಾಂಶದೊಡನೆ ಪ್ರತ್ಯೇಕವಾಗಿ ನಡೆಸುವ ಮಾರ್ಗವನ್ನು ಸಂಸ್ಥೆಯು ಕಲ್ಪಿಸಿತು. ಆಂಪ್ಲಿಫೈಯರಿನ ಭಾಗವು ಇನ್ನೂ ಹತ್ತಾರು ವರ್ಷ ಬಾಳಬಹುದಾಗಿದ್ದಿತು. ಜೊತೆಯಲ್ಲಿ ಕಟ್ಟಿಹಾಕಿದ್ದ ಸ್ಟ್ರೀಮರಿನಿಂದಾಗಿ ಅದಕ್ಕೂ ಮುಪ್ಪು ಬಂದಿತು. ಬತ್ತಿಯೊಡನೆ ದೀಪವನ್ನೂ ಎಸೆಯಬೇಕಾಗಿ ಬರುವುದು ಹೀಗೆ.

ಮೂರನೆಯದು ಸಂತೋಷದ ಕಥೆ. ಕ್ಯಾಲಿಫೋರ್ನಿಯದ ಸ್ಲಿಮ್ ಡಿವೈಸಸ್ ಎಂಬ ಸಣ್ಣ ಸಂಸ್ಥೆಯು 2003ರಲ್ಲಿ ಸ್ಕ್ವೀಜ್‌ಬಾಕ್ಸ್ ಎಂಬ ಸ್ಟ್ರೀಮರನ್ನು ತಯಾರಿಸಿತು. 2006ರಲ್ಲಿ ಆ ಸಂಸ್ಥೆಯನ್ನು ಕೊಂಡ ಲಾಜಿಟೆಕ್ 2012ರಲ್ಲಿ ಅದರ ತಯಾರಿಕೆಯನ್ನು ಬಿಟ್ಟಿತು. 2024ರಲ್ಲಿ ಅದಕ್ಕಾಗಿ ನಡೆಸುತ್ತಿದ್ದ ಗಣಕಸೇವೆಯನ್ನೂ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಇಂದಿಗೂ ಹಾಡಬಲ್ಲವು. ಅವುಗಳನ್ನು ನಡೆಸುವ ತಂತ್ರಾಂಶವು ಮೊದಲಿನಿಂದಲೂ ಮುಕ್ತವಾಗಿದ್ದಿತು. ಯಾರು ಬೇಕಾದರೂ ಓದಿ ತಿದ್ದಬಹುದಾಗಿದ್ದ ಆ ಬರಹವನ್ನು ಅಭಿಮಾನಿಗಳು ಕೈಗೆತ್ತಿಕೊಂಡು ಲಿರಿಯನ್ ಎಂಬ ಹೆಸರಿನಲ್ಲಿ ಮುಂದುವರಿಸಿಕೊಂಡು ಬರುತ್ತಿದ್ದಾರೆ. ಉಪಕರಣದ ಆಯುಸ್ಸನ್ನು ಬೆಲೆಯು ಹೆಚ್ಚಿಸಲಿಲ್ಲ, ಮುಕ್ತತೆಯು ಹೆಚ್ಚಿಸಿತು.

ಯಾವುದನ್ನು ಕೊಳ್ಳಬೇಕು?

ಹಾಗಾದರೆ ಮಧ್ಯಮ ವರ್ಗದ ಮನೆಯೊಂದರಲ್ಲಿ ಆಗಲೇ ಒಂದು ಆಂಪ್ಲಿಫೈಯರೂ ಒಂದು ಜೊತೆ ಸ್ಪೀಕರುಗಳೂ ಇದ್ದರೆ ಏನು ಮಾಡಬಹುದು? ಮೂರು ಮಾರ್ಗಗಳನ್ನು ಸೂಚಿಸುವೆವು.

ಮೊದಲನೆಯದು ಮೂಲೆಗೆ ಸೇರಿದ ಹಳೆಯ ಮೊಬೈಲ್ ಫೋನು. ಅದರಿಂದ ಆಂಪ್ಲಿಫೈಯರಿನ ಆಕ್ಸ್ ಎಂಬ ಪ್ರವೇಶಕ್ಕೆ ಒಂದು ತಂತಿಯನ್ನು ಜೋಡಿಸಿದರೆ ಸ್ಟ್ರೀಮರು ಸಿದ್ಧ. ಹೆಡ್‌ಫೋನಿನ ತೂತು ಇಲ್ಲದ ಫೋನಿಗೆ ಸಣ್ಣ ಯು.ಎಸ್.ಬಿ. ಡ್ಯಾಕ್ ಒಂದನ್ನು ಸೇರಿಸಬೇಕಾಗುವುದು. ಬ್ಲೂಟೂತಿನ ಮೂಲಕ ಕಳುಹಿಸುವುದೂ ಸುಲಭವೇ. ಆದರೆ ಅಲ್ಲಿ ನಾದವನ್ನು ಮತ್ತೊಮ್ಮೆ ಹಿಂಡಿ ಕಿರಿದು ಮಾಡಿ ಕಳುಹಿಸಲಾಗುವುದು. ದಿನಬಳಕೆಯ ಫೋನಾದರೆ ಹಾಡಿನ ನಡುವೆ ಕರೆಗಳ ಗಂಟೆಯೂ ಸ್ಪೀಕರಿನಲ್ಲಿ ಮೊಳಗುವುದು.

ಎರಡನೆಯದು ತಾವೇ ಕಟ್ಟುವ ಸ್ಟ್ರೀಮರು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ರೂಪುಗೊಂಡು 2012ರಲ್ಲಿ 35 ಡಾಲರುಗಳಿಗೆ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಯಂತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದರ ಮೇಲೆ ಒಂದು ಡ್ಯಾಕ್ ಹಲಗೆಯನ್ನು ಕೂರಿಸಿ, ಮೂಡ್ ಅಥವಾ ಪೈಕೋರ್‌ಪ್ಲೇಯರ್‌ನಂತಹ ಮುಕ್ತ ತಂತ್ರಾಂಶವನ್ನು ತುಂಬಿದರೆ ಉತ್ತಮವಾದ ಸ್ಟ್ರೀಮರಾಗುವುದು. ಎರಡು ರಜಾದಿನಗಳು ಇದಕ್ಕೆ ವ್ಯಯವಾಗಬಹುದು. ಆದರೆ ಅದರಿಂದ ದೊರೆಯುವ ತಿಳಿವಳಿಕೆಯು ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ. ಕೆಟ್ಟರೆ ತಾವೇ ಸರಿಪಡಿಸುವ ಧೈರ್ಯವೂ ಬರುವುದು. ವಿಜ್ಞಾನದ ವಿದ್ಯಾರ್ಥಿಗಳಿಗೆ ನಾವು ಹೆಚ್ಚಾಗಿ ಶಿಫಾರಸು ಮಾಡುವ ಮಾರ್ಗವು ಇದೇ.

ಮೂರನೆಯದು ಸಿದ್ಧವಾಗಿ ದೊರೆಯುವ ಸಣ್ಣ ಸ್ಟ್ರೀಮರು. ಅಮೆರಿಕದಲ್ಲಿ 99 ಡಾಲರುಗಳಿಗೆ ಬಂದ ವೀಮ್ ಮಿನಿಯು ಈ ವರ್ಗಕ್ಕೆ ಸೇರಿದುದು. ಮನೆಯ ಹಿರಿಯರೂ ಉಪಯೋಗಿಸಬೇಕಾದ ಕಡೆ ಇದು ಅನುಕೂಲ. ಇಂತಹುಗಳಲ್ಲಿ ಫೋನು ಕೇವಲ ಅಪ್ಪಣೆ ಕೊಡುವುದು. ಅಂಕೆಗಳನ್ನು ಸ್ಟ್ರೀಮರು ತಾನೇ ನೇರವಾಗಿ ತರಿಸಿಕೊಳ್ಳುವುದು. ಫೋನಿಗೆ ಕರೆ ಬಂದರೂ ಸಂಗೀತವು ನಿಲ್ಲುವುದಿಲ್ಲ.

ಯಾವುದನ್ನೇ ಕೊಳ್ಳಲಿ, ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ತಯಾರಕರ ಸೇವೆಯು ನಿಂತರೂ, ಮನೆಯಲ್ಲಿಯೇ ಕೂಡಿಟ್ಟ ಹಾಡುಗಳನ್ನು ಇದು ನುಡಿಸಬಲ್ಲುದೆ? ಒಂದೇ ಸಂಸ್ಥೆಗೆ ಕಟ್ಟುಬೀಳದೆ ಹಲವು ಸಂಗೀತಸೇವೆಗಳನ್ನೂ ಇಂಟರ್‌ನೆಟ್ ರೇಡಿಯೋವನ್ನೂ ತರಬಲ್ಲುದೆ? ಹಳೆಯ ಆಂಪ್ಲಿಫೈಯರಿಗೆ ತಂತಿಯ ಮೂಲಕ ಜೋಡಿಸುವ ಸಾಮಾನ್ಯ ನಿರ್ಗಮಗಳು ಇವೆಯೆ? ಸ್ವತಂತ್ರರಾದವರು ಅಳೆದು ಪ್ರಕಟಿಸಿದ ಪರೀಕ್ಷಾಫಲಗಳು ಇವೆಯೆ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಬೆಲೆಯ ಚೀಟಿಯಲ್ಲಿ ಕಡಮೆ ಇರುವುದನ್ನು ನಿಸ್ಸಂಕೋಚವಾಗಿ ಆರಿಸಬಹುದು.

ದಿನದ ಮಿತಿಯುಳ್ಳ ಡೇಟಾ ಚಂದಾದಲ್ಲಿ ಬಾಳುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಸೆಕೆಂಡಿಗೆ 320 ಕಿಲೋಬಿಟ್ಟುಗಳಂತೆ, ನಾದವನ್ನು ಕಿರಿದು ಮಾಡಿ ಕಳುಹಿಸುವ ಸೇವೆಯಲ್ಲಿ ಒಂದು ಗಂಟೆಯ ಸಂಗೀತಕ್ಕೆ 144 ಮೆಗಾಬೈಟುಗಳಾಗುವುವು. ಸಿ.ಡಿ.ಯ ಅಂಕೆಗಳನ್ನು ಹಿಂಡದೆ ಕಳುಹಿಸಿದರೆ ಸುಮಾರು 635. ಅಂಕೆಗಳು ನಷ್ಟವಾಗದಂತೆ ಮಡಿಸಿ ಕಳುಹಿಸಿದರೆ ಇದರ ಅರ್ಧದಿಂದ ಮೂರನೆಯ ಎರಡು ಪಾಲಿನಷ್ಟು. 24 ಬಿಟ್ಟು, 1,92,000 ಅಳತೆಗಳ "ಉನ್ನತ" ನಾದವನ್ನು ಮಡಿಸದೆ ಕಳುಹಿಸಿದರೆ ಗಂಟೆಗೆ 4,100 ಮೆಗಾಬೈಟುಗಳಿಗೂ ಹೆಚ್ಚು. ಕಿವಿಯು ಗುರುತಿಸಲು ತಿಣುಕುವ ವ್ಯತ್ಯಾಸಕ್ಕೆ ಈ ಬೆಲೆಯನ್ನೂ ತೆರಬೇಕೆ ಎಂಬುದನ್ನು ವಾಚಕರೇ ನಿರ್ಧರಿಸಲಿ.

ಚಂದಾ ಕೊಡಲಾಗದವರು ನಿರಾಶರಾಗಬೇಕಾಗಿಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರದ ಹೆಸರಾಗಿದ್ದ "ಆಕಾಶವಾಣಿ"ಯು ಅನಂತರ ದೇಶದ ಬಾನುಲಿಗೇ ಹೆಸರಾಯಿತು. ಆ ಆಕಾಶವಾಣಿಯು 2016ರಲ್ಲಿ ಬೆಂಗಳೂರಿನಿಂದ "ರಾಗಂ" ಎಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ಇಂಟರ್‌ನೆಟ್ಟಿನಲ್ಲಿ ಹರಿಸತೊಡಗಿತು. ಇಂಟರ್‌ನೆಟ್ ರೇಡಿಯೋವನ್ನು ತರಬಲ್ಲ ಸ್ಟ್ರೀಮರು ಇರಲಿ ಎಂದು ನಾವು ಮೇಲೆ ಹೇಳಿದುದಕ್ಕೆ ಇದೂ ಒಂದು ಕಾರಣ.

ದುಬಾರಿ ಉಪಕರಣಗಳನ್ನು ಕೊಳ್ಳುವವರೆಲ್ಲರೂ ಮೂಢರೆಂದು ನಮ್ಮ ಅಭಿಪ್ರಾಯವಲ್ಲ. ಅಂದವಾದ ರಚನೆ, ದೊಡ್ಡ ಪರದೆ, ಬಳಕೆಯ ಸೌಕರ್ಯ, ಇವುಗಳಿಗೆ ಬೆಲೆ ಕೊಡಬಲ್ಲವರು ಕೊಡಲಿ. ಅದು ಅವರ ಇಷ್ಟ. ಆದರೆ ಸೌಕರ್ಯಕ್ಕೆ ಕೊಟ್ಟ ಬೆಲೆಯನ್ನು ನಾದಕ್ಕೆ ಕೊಟ್ಟ ಬೆಲೆಯೆಂದು ನಂಬಬಾರದು, ಇತರರನ್ನು ನಂಬಿಸಲೂ ಬಾರದು. ಕಿರಿಯ ವಯಸ್ಸಿನಲ್ಲಿಯೇ ಬೆಲೆಯನ್ನು ಗುಣದ ಅಳತೆಗೋಲಾಗಿ ಒಪ್ಪಿಕೊಂಡವರು ಮುಂದೆ ಔಷಧ, ಆಹಾರ, ವಿದ್ಯಾಭ್ಯಾಸಗಳ ವಿಷಯದಲ್ಲಿಯೂ ಅದೇ ತಪ್ಪನ್ನು ಮಾಡುವರು. ಅಳೆದು ನೋಡು, ಮರೆಯಲ್ಲಿಟ್ಟು ಕೇಳಿ ನೋಡು, ಅನಂತರ ನಂಬು ಎಂಬ ಅಭ್ಯಾಸವು ಬೇರೂರಲು ಒಂದು ಪುಟ್ಟ ಸ್ಟ್ರೀಮರಿನ ಆಯ್ಕೆಯು ನಿಮಿತ್ತವಾಗಲಿ. ಮಿಕ್ಕ ಹಣದಲ್ಲಿ ಒಳ್ಳೆಯ ಸ್ಪೀಕರೊಂದು ಜೊತೆ ಬರಲಿ. ಅದಕ್ಕೂ ಸಾಲದಿದ್ದರೆ, ಊರಿನಲ್ಲಿ ನಡೆಯುವ ಒಂದು ಸಂಗೀತ ಕಚೇರಿಗೆ ಟಿಕೆಟಾದರೂ ಬರಲಿ.